ಎಲ್ಲಿ ನಿಲ್ಲಬೇಕು ಅಂತ ಗೊತ್ತಿರೋ ಸ್ಕ್ರೂಡ್ರೈವರ್

ನಾವು ಅಣ್ಣ ತಮ್ಮ ಇಬ್ಬರು. ದೊಡ್ಡವ ಪತ್ರಿಕೋದ್ಯಮ ಓದಿ ಊರಿಗೆ ವಾಪಸ್ ಬಂದವ, ಇಲ್ಲಿ ಆಗಾಗ ಬರೆಯುವವ. ಚಿಕ್ಕವ ಐಟಿಐನಲ್ಲಿ ಎರಡು ವರ್ಷ ಎಲೆಕ್ಟ್ರಿಷಿಯನ್ ಟ್ರೇಡ್ ಮುಗಿಸಿ, ವೈರ್‌ಮನ್ ಪರವಾನಗಿ ಪಡೆದು, ಸುತ್ತಲಿನ ಹಳ್ಳಿಗಳಲ್ಲಿ ಮನೆ ವೈರಿಂಗ್ ಮಾಡುವವ. ಬರೆಯುವ ಕೆಲಸದಿಂದ ತಿಂಗಳು ಪೂರ್ತಿ ಹೊಟ್ಟೆ ತುಂಬುವುದಿಲ್ಲ. ಹಾಗಾಗಿ ವೈರಿಂಗ್ ಕೆಲಸ ಜಾಸ್ತಿ ಬಂದಾಗ ದೊಡ್ಡವನೂ ಚಿಕ್ಕವನ ಕೈಕೆಳಗೆ ಹೆಲ್ಪರ್ ಆಗುತ್ತಾನೆ. ಮನೆಯಲ್ಲಿ ಅಣ್ಣ, ಸೈಟಿನಲ್ಲಿ ಹೆಲ್ಪರ್. ಅವ್ವನಿಗೆ ಇದೊಂದು ನಗೆಯ ಮಾತು.

ನಮ್ಮದು ಹಾವೇರಿ ಜಿಲ್ಲೆ, ಬ್ಯಾಡಗಿ ಕಡೆಯ ಊರು. ಮೆಣಸಿನಕಾಯಿಗೆ ಒಳ್ಳೆ ರೇಟು ಸಿಕ್ಕ ವರ್ಷ ಮನೆಗಳು ಏಳುತ್ತವೆ. ಹೋದ ಸಲ ಸುಗ್ಗಿ ಮುಗಿದ ಮೇಲೆ ಮೂರು ಮನೆಯ ಕೆಲಸ ಒಟ್ಟಿಗೆ ಬಂತು. ಅದರಲ್ಲಿ ಒಂದು ನಮ್ಮ ಸ್ವಂತ ಕಾಕಾನ ಮನೆ. ಆ ಮನೆಯಲ್ಲಿ ನಾವು ಮಾಡಿದ ತಪ್ಪು, ಆ ತಪ್ಪಿನಿಂದ ಒಂದು ಸಣ್ಣ ಯಂತ್ರ ಆರಿಸಲು ಕಲಿತದ್ದು, ಎರಡನ್ನೂ ಇಲ್ಲಿ ಬರೆಯುತ್ತಿದ್ದೇವೆ. ನಿಮ್ಮಲ್ಲಿ ವೈರಿಂಗ್ ಮಾಡುವವರು ಇರಬಹುದು. ಮಾಡಿಸುವವರಂತೂ ಎಲ್ಲರೂ.

ಒಂದು ಮನೆಗೆ ಎಷ್ಟು ಸ್ಕ್ರೂ?

ಮೊದಲ ಮನೆಯನ್ನು ಕೈ ಸ್ಕ್ರೂಡ್ರೈವರಿನಲ್ಲೇ ಮುಗಿಸಿದೆವು. ಮೂರನೇ ದಿನ ರಾತ್ರಿ ಚಿಕ್ಕವನ ಬಲಗೈ ಮಣಿಕಟ್ಟು ಊದಿತ್ತು. ರೊಟ್ಟಿ ಮುರಿಯಲು ಎಡಗೈ ಬಳಸುತ್ತಿದ್ದ. ಅವ್ವ ಬಿಸಿನೀರು ಕಾಸಿ ಶಾಖ ಕೊಡುತ್ತಾ, "ಕೈಯಾಗಿನ ಕಸುವೆಲ್ಲಾ ಸ್ಕ್ರೂಗೇ ಹಾಕಿದ್ರ ಬದುಕೋದು ಹೆಂಗೋ ತಮ್ಮಾ?" ಅಂದಳು.

ಆ ರಾತ್ರಿ ಕೂತು ಲೆಕ್ಕ ಹಾಕಿದೆವು. ಐದು ಸ್ವಿಚ್, ಒಂದು ಸಾಕೆಟ್ ಇರುವ ಒಂದು ಬೋರ್ಡು ಹಿಡಿಯಿರಿ. ಸ್ವಿಚ್ಚಿಗೆ ಎರಡರಂತೆ 10 ಸ್ಕ್ರೂ, ಸಾಕೆಟ್ಟಿಗೆ 3, ಗೋಡೆಯ ಬಾಕ್ಸಿಗೆ ಫ್ರೇಮ್ ಕೂರಿಸಲು 4. ಒಟ್ಟು 17. ಇಂಥ 14 ಬೋರ್ಡಿಗೆ 238. ಹೋಲ್ಡರು, ಫ್ಯಾನಿನ ಸೀಲಿಂಗ್ ರೋಸು, ಡಿಬಿ ಎಲ್ಲ ಸೇರಿದರೆ 300 ದಾಟುತ್ತದೆ. ಫ್ರೇಮಿನ ಸ್ಕ್ರೂ ಉದ್ದದ್ದು, ಒಂದೊಂದಕ್ಕೂ ಇಪ್ಪತ್ತು ಇಪ್ಪತ್ತೈದು ಸುತ್ತು ಬೇಕು. ನಮ್ಮ ಮಣಿಕಟ್ಟು ಒಂದು ಸಲಕ್ಕೆ ತಿರುಗುವುದು ಅರ್ಧ ಸುತ್ತು. ಅಂದರೆ ಒಂದೇ ಸ್ಕ್ರೂಗೆ ನಲವತ್ತು ಐವತ್ತು ಸಲ ಕೈ ತಿರುವಬೇಕು. ಕೈ ಊದದೆ ಇನ್ನೇನಾದೀತು?

ಕಾಕಾನ ಮನೆಯಲ್ಲಿ ಮಾಡಿದ್ದು

ಎರಡನೇ ಮನೆ ಕಾಕಾನದು. ಗೃಹಪ್ರವೇಶದ ದಿನ ಗೊತ್ತಾಗಿತ್ತು, ಅವಸರ ಇತ್ತು. ಬಡಗಿ ಕೆಲಸದ ಗೆಳೆಯನೊಬ್ಬನ 18 ವೋಲ್ಟಿನ ಬ್ಯಾಟರಿ ಡ್ರಿಲ್ ಕೇಳಿ ತಂದೆವು. ಅದಕ್ಕೆ ಸ್ಕ್ರೂ ಬಿಟ್ ಹಾಕಿ ಒತ್ತಿದರೆ ಸ್ಕ್ರೂ ಗರ್ ಅಂತ ಒಳಗೆ ಹೋಗುತ್ತಿತ್ತು. ನಮಗೆ ಖುಷಿಯೋ ಖುಷಿ. ಫ್ರೇಮ್ ಅಷ್ಟೇ ಅಲ್ಲ, ವೈರು ಹಿಡಿಯುವ ಟರ್ಮಿನಲ್ ಸ್ಕ್ರೂಗಳನ್ನೂ ಅದರಲ್ಲೇ ಬಿಗಿದೆವು. ಮೂರು ದಿನದ ಕೆಲಸ ಒಂದೂವರೆ ದಿನಕ್ಕೆ ಮುಗಿಯಿತು.

ಗೃಹಪ್ರವೇಶ ಆಗಿ ಸುಮಾರು ಎರಡು ವಾರಕ್ಕೆ ಬೆಳಗಿನ ಜಾವ ಚಿಗವ್ವನ ಫೋನು. "ನಮ್ಮ ಮನ್ಯಾಗ ಮೀನಾ ಮಾಡಂಗಿಲ್ಲ, ಬಚ್ಚಲದ ಕಡೆಯಿಂದ ಮೀನ ಸುಟ್ಟಂಗ ವಾಸನಿ ಬರಾಕತ್ತೈತಿ, ಲಗೂನ ಬರ್ರಿ" ಅಂದಳು. ಓಡಿದೆವು. ಮೇನ್ ಆಫ್ ಮಾಡಿ, ಗೀಸರಿನ 16 ಆಂಪಿಯರ್ ಸಾಕೆಟ್ ಬಿಚ್ಚಿದೆವು. ಒಂದು ಟರ್ಮಿನಲ್ ಸುಟ್ಟು ಕರ್ರಗಾಗಿತ್ತು, ವೈರಿನ ಪ್ಲಾಸ್ಟಿಕ್ ಕರಗಿ ಅಂಟಿತ್ತು. ಬೋರ್ಡಿನಿಂದ ಒಂದು ಗೇಣು ದೂರದ ಮೊಳೆಗೆ ಮಕ್ಕಳ ಟವೆಲ್ಲು ನೇತಾಡುತ್ತಿತ್ತು.

ಕಾಕಾ ಬೈಯಲಿಲ್ಲ. "ನೀವು ಮಾಡಿದ್ದು ಅಂತ ನಾವು ಆರಾಮ ಮಲಗಿದ್ವಿ" ಅಂದ, ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು.

ಯಾಕೆ ಸುಟ್ಟಿತು?

ಡ್ರಿಲ್ಲಿನ ಮುಂದೆ ತಿರುಗಿಸುವ ಒಂದು ಬಳೆ ಇರುತ್ತದೆ. ಅದರ ಮೇಲೆ 1, 2, 3 ಅಂತ ನಂಬರು, ಕೊನೆಗೆ ಡ್ರಿಲ್ ಬಿಟ್ಟಿನ ಚಿತ್ರ. ಈ ಬಳೆಯೇ ಕ್ಲಚ್. ನಂಬರಿನಲ್ಲಿ ಇಟ್ಟರೆ ಸ್ಕ್ರೂ ಒಂದು ಮಟ್ಟಕ್ಕೆ ಬಿಗಿಯಾದ ಕೂಡಲೇ ಯಂತ್ರ ಕಟಕಟ ಅಂದು ಬಿಟ್ಟುಕೊಡುತ್ತದೆ. ಡ್ರಿಲ್ ಚಿತ್ರದಲ್ಲಿ ಇಟ್ಟರೆ ಬಿಟ್ಟುಕೊಡುವುದೇ ಇಲ್ಲ, ಪೂರ್ತಿ ಬಲ ಹಾಕುತ್ತದೆ. ನಾವು ಇಟ್ಟದ್ದು ಡ್ರಿಲ್ ಚಿತ್ರದಲ್ಲಿ. ಬಡಗಿ ಗೆಳೆಯ ಹೇಗೆ ಕೊಟ್ಟಿದ್ದನೋ ಹಾಗೆಯೇ ಬಳಸಿದ್ದೆವು.

ಹಿತ್ತಾಳೆಯ ಆ ಸಣ್ಣ ಟರ್ಮಿನಲ್ಲಿನ ಥ್ರೆಡ್ ಅಷ್ಟು ಬಲ ತಡೆಯಲಿಲ್ಲ, ಕಿತ್ತುಹೋಗಿತ್ತು. ಮೇಲಿಂದ ನೋಡಿದರೆ ಸ್ಕ್ರೂ ಬಿಗಿ ಇದ್ದಂತೆಯೇ ಕಾಣುತ್ತಿತ್ತು. ಒಳಗೆ ವೈರಿನ ಮೇಲೆ ಹಿಡಿತವೇ ಇರಲಿಲ್ಲ. ಅತಿ ಬಿಗಿಯಾಗಿ ಮಾಡಲು ಹೋಗಿ ಸಡಿಲ ಮಾಡಿದ್ದೆವು.

ಸಡಿಲ ಜಾಗದಲ್ಲಿ ಬಿಸಿ ಹುಟ್ಟುವ ಲೆಕ್ಕ ಸರಳ. 2000 ವ್ಯಾಟಿನ ಗೀಸರು 230 ವೋಲ್ಟಿನಲ್ಲಿ ಸುಮಾರು 8.7 ಆಂಪಿಯರ್ ಎಳೆಯುತ್ತದೆ. ಸಡಿಲ ಜಾಗದಲ್ಲಿ 0.3 ಓಮ್ ಅಡ್ಡಿ ಇದ್ದರೂ ಸಾಕು, ಅಲ್ಲಿ ಸುಮಾರು 23 ವ್ಯಾಟ್ ಶಾಖ ಆಗುತ್ತದೆ. ರೇಡಿಯೋ ರಿಪೇರಿಯವರ ಸಣ್ಣ ಸೋಲ್ಡರಿಂಗ್ ಐರನ್ 25 ವ್ಯಾಟಿನದು. ಅಂಥದ್ದೊಂದನ್ನು ಗೋಡೆಯ ಬಾಕ್ಸಿನೊಳಗೆ ಉರಿಯಲು ಬಿಟ್ಟ ಹಾಗೆ.

"ಎಂಸಿಬಿ ಇತ್ತಲ್ಲ, ಬೀಳಬೇಕಿತ್ತಲ್ಲ?" ಅಂತ ಕಾಕಾ ಕೇಳಿದ. ಬೀಳುವುದಿಲ್ಲ. ಎಂಸಿಬಿ ನೋಡುವುದು ಕರೆಂಟು ಮಿತಿ ಮೀರಿತೋ ಇಲ್ಲವೋ ಅಂತ. ಇಲ್ಲಿ ಹರಿದದ್ದು ಗೀಸರಿಗೆ ಬೇಕಾದಷ್ಟೇ ಕರೆಂಟು. ಕರೆಂಟು ನೆಲಕ್ಕೆ ಸೋರಿದರೆ ಬೀಳುವ ಆರ್‌ಸಿಸಿಬಿಗೂ ಇದು ಕಾಣುವುದಿಲ್ಲ. ಸಡಿಲ ಸ್ಕ್ರೂವನ್ನು ಹಿಡಿಯುವುದು ಅದನ್ನು ಬಿಗಿದವನ ಕೈ ಮಾತ್ರ.

ನೀರಿನ ಬಾಟಲಿ, ಸಿಮೆಂಟ್ ಚೀಲ

ತಿರುಗಿಸುವ ಬಲಕ್ಕೆ ಟಾರ್ಕ್ ಅನ್ನುತ್ತಾರೆ, ಅಳೆಯುವುದು ನ್ಯೂಟನ್ ಮೀಟರಿನಲ್ಲಿ. ಈ ಲೆಕ್ಕ ನಮಗೆ ತಲೆಗೆ ಹತ್ತಿದ್ದು ಹೀಗೆ: ಒಂದು ನಟ್ಟಿಗೆ ಪಾನ ಹಾಕಿ, ನಟ್ಟಿನಿಂದ 10 ಸೆಂಟಿಮೀಟರ್ ದೂರದಲ್ಲಿ ಒಂದು ಲೀಟರ್ ನೀರಿನ ಬಾಟಲಿ ನೇತುಹಾಕಿದರೆ ನಟ್ಟಿನ ಮೇಲೆ ಬೀಳುವುದು ಸುಮಾರು 1 ನ್ಯೂಟನ್ ಮೀಟರ್.

ಸ್ವಿಚ್, ಸಾಕೆಟ್ಟುಗಳ 3.5 ಮಿಲಿಮೀಟರಿನ ಸ್ಕ್ರೂಗೆ ಬೇಕಾದ್ದು ಸುಮಾರು 0.8. 4 ಮಿಲಿಮೀಟರಿನದಕ್ಕೆ 1.2. ಮನೆಯ ಎಂಸಿಬಿಗಳಿಗೆ ಸಾಮಾನ್ಯವಾಗಿ 2ರಿಂದ 3.5ರ ತನಕ. ಎಂಸಿಬಿಯ ಮೈಮೇಲೆ ಅಥವಾ ಅದರ ಜೊತೆ ಬರುವ ಚೀಟಿಯಲ್ಲಿ ಅದಕ್ಕೆ ಎಷ್ಟು ಅಂತ ಬರೆದಿರುತ್ತದೆ, ಅದನ್ನೇ ನಂಬಬೇಕು. ಅಂದರೆ ನಮ್ಮ ಕೆಲಸ ಒಂದು ಬಾಟಲಿಯಿಂದ ಮೂರೂವರೆ ಬಾಟಲಿಯದು.

ನಾವು ಬಳಸಿದ್ದು 50 ನ್ಯೂಟನ್ ಮೀಟರಿನ ಡ್ರಿಲ್. ಅದೇ ಪಾನಕ್ಕೆ ಒಂದು ಸಿಮೆಂಟ್ ಚೀಲ ನೇತುಹಾಕಿದಂತೆ!

ಹುಬ್ಬಳ್ಳಿಯ ಅಂಗಡಿಯಲ್ಲಿ

ಮೂರನೇ ಮನೆ ಶುರು ಮಾಡುವ ಮುಂಚೆ 4,000 ರೂಪಾಯಿ ಹೊಂದಿಸಿಕೊಂಡು ಹುಬ್ಬಳ್ಳಿಗೆ ಹೋದೆವು. ಚೀಲದಲ್ಲಿ ಹಳೆಯ ಸ್ವಿಚ್ಚು, ಸಾಕೆಟ್ಟು, ಒಂದು ಕೆಟ್ಟ ಎಂಸಿಬಿ, 2.5 ಸ್ಕ್ವೇರ್ ಎಂಎಂ ವೈರಿನ ತುಂಡುಗಳು, ಗೋಡೆಯ ಒಂದು ಮೆಟಲ್ ಬಾಕ್ಸು ಇದ್ದವು. ಚಪ್ಪಲಿ ತರುವಾಗ ಕಾಲು ಒಯ್ಯುತ್ತೇವಲ್ಲ, ಹಾಗೆ.

ಅಂಗಡಿಯವರು ಮೊದಲು ತೆಗೆದಿಟ್ಟದ್ದು ದೊಡ್ಡದನ್ನೇ. "ಇದರಾಗ ಪವರ್ ಭಾಳ ಐತ್ರಿ, ಇದನ್ನ ಒಯ್ರಿ." ಹದಿನೈದು ದಿನದ ಹಿಂದೆ ಆಗಿದ್ದರೆ ಒಯ್ಯುತ್ತಿದ್ದೆವು. ಈಗ ನಾವು ಕೇಳಿದ್ದು ಬೇರೆ ಪ್ರಶ್ನೆ: "ಇದು ಎಷ್ಟು ಕಡಿಮಿಗೆ ನಿಲ್ತೈತ್ರಿ?"

ಅಲ್ಲಿ ನಾಲ್ಕು ಜಾತಿಯ ಯಂತ್ರ ನೋಡಿದೆವು.

ಒಂದು, 3.6 ಅಥವಾ 4 ವೋಲ್ಟಿನ ಸಣ್ಣ ಸ್ಕ್ರೂಡ್ರೈವರ್. ಟಾರ್ಚಿನ ಹಾಗೆ ನೇರ ಇರುವುದೂ ಇದೆ, ಪಿಸ್ತೂಲಿನ ಹಾಗೆ ಹಿಡಿಯುವುದೂ ಇದೆ. ಬಲ ಸಾಮಾನ್ಯವಾಗಿ 3ರಿಂದ 5 ನ್ಯೂಟನ್ ಮೀಟರ್.

ಎರಡು, 12 ವೋಲ್ಟಿನ ಡ್ರಿಲ್. ಕ್ಲಚ್ ಇರುತ್ತದೆ, ಮರಕ್ಕೆ, ತಗಡಿಗೆ ತೂತನ್ನೂ ಹಾಕುತ್ತದೆ. ಒಂದೇ ಯಂತ್ರದಲ್ಲಿ ಎಲ್ಲ ಆಗಬೇಕು ಅನ್ನುವವರಿಗೆ ಇದು ಸರಿ. ಆದರೆ ಟರ್ಮಿನಲ್ ಸ್ಕ್ರೂಗೆ ಕ್ಲಚ್ಚನ್ನು ಕೆಳಗಿನ ನಂಬರಿಗೆ ತರಲು ಮರೆಯಬಾರದು.

ಮೂರು, 18 ವೋಲ್ಟಿನ ಡ್ರಿಲ್. ಅದರ ಕಥೆ ಹೇಳಿದೆವು.

ನಾಲ್ಕು, ಇಂಪ್ಯಾಕ್ಟ್ ಡ್ರೈವರ್. ಬಡಿದು ಬಡಿದು ತಿರುಗಿಸುವಂಥದ್ದು. ಅದರ ಬಲ 100 ನ್ಯೂಟನ್ ಮೀಟರ್ ದಾಟುತ್ತದೆ. ಕಬ್ಬಿಣದ ಶೆಡ್ಡಿಗೆ, ದೊಡ್ಡ ಮರಕ್ಕೆ ಅದು ಬೇಕು. ಸ್ವಿಚ್ ಬೋರ್ಡಿನ ಹತ್ತಿರ ಅದನ್ನು ತರಲೇಬೇಡಿ.

ವೋಲ್ಟಿನ ನಂಬರಿಗೂ ಮೋಸ ಹೋಗಬೇಡಿ. ಇವುಗಳಲ್ಲಿ ಇರುವ ಲಿಥಿಯಂ ಸೆಲ್ ಒಂದಕ್ಕೆ 3.6 ವೋಲ್ಟ್. ಮೂರು ಸೇರಿದರೆ 10.8, ಅದನ್ನೇ 12 ಅಂತ ಮಾರುತ್ತಾರೆ. ಐದು ಸೇರಿದರೆ 18, ಅದಕ್ಕೇ ಕೆಲವರು 20 ಅಥವಾ 21 ಅನ್ನುತ್ತಾರೆ, ಪೂರ್ತಿ ಚಾರ್ಜ್ ಆದಾಗಿನ ಲೆಕ್ಕ ಅದು. ಕೆಲವು ಸೋವಿ ಯಂತ್ರಗಳ ಮೇಲೆ 48ವಿಎಫ್, 88ವಿಎಫ್ ಅಂತ ಬರೆದಿರುತ್ತದೆ. ಹಿಂದೆ 'ಎಫ್' ಅಂಟಿಸಿದ ಆ ನಂಬರು ವೋಲ್ಟೇಜೇ ಅಲ್ಲ. ಹಾಗೆಯೇ ಕ್ಲಚ್ಚಿನ ಮೇಲಿನ 1, 2, 3 ಕೂಡ ನ್ಯೂಟನ್ ಮೀಟರ್ ಅಲ್ಲ, ಬರೀ ಮೆಟ್ಟಿಲು. ಯಾವ ಮೆಟ್ಟಿಲು ನಮಗೆ ಸರಿ ಅಂತ ಹಳೆಯ ಸ್ವಿಚ್ಚಿನ ಮೇಲೆ ಪರೀಕ್ಷೆ ಮಾಡಿಯೇ ತಿಳಿಯಬೇಕು.

ನಾವು ಪರೀಕ್ಷೆ ಮಾಡಿದ್ದು

ಸಣ್ಣ ಜಾತಿಯದರಲ್ಲೇ ಮೂರನ್ನು ತೆಗೆಸಿ, ಕೌಂಟರಿನ ಮೇಲೆ ನಮ್ಮ ಸಾಮಾನು ಹರಡಿದೆವು.

ಕ್ಲಚ್ ಮೊದಲು. ಕೆಳಗಿನ ಮೆಟ್ಟಿಲಿಗೆ ಇಟ್ಟು ಸ್ವಿಚ್ಚಿನ ಸ್ಕ್ರೂ ಬಿಗಿದೆವು. ಒಂದು ಯಂತ್ರಕ್ಕೆ ಕ್ಲಚ್ಚೇ ಇರಲಿಲ್ಲ, ಕೈ ಬಿಡುವ ತನಕ ತಿರುಗಿಸುತ್ತಲೇ ಇತ್ತು. ಅದನ್ನು ಅಲ್ಲೇ ಪಕ್ಕಕ್ಕಿಟ್ಟೆವು. ಉಳಿದೆರಡು ಬಿಟ್ಟುಕೊಟ್ಟವು.

ಎರಡನೆಯದು, ನಿಧಾನ ಶುರುವಾಗುತ್ತದೋ ಇಲ್ಲವೋ. ಗುಂಡಿ ಒತ್ತಿದ ಕೂಡಲೇ ಪೂರ್ತಿ ವೇಗಕ್ಕೆ ಹೋದರೆ ಸ್ಕ್ರೂ ಓರೆಯಾಗಿ ಕೂರುತ್ತದೆ, ಥ್ರೆಡ್ ಕೆಡುತ್ತದೆ.

ಮೂರನೆಯದು, ಮೋಟರ್ ನಿಲ್ಲಿಸಿ ಯಂತ್ರವನ್ನೇ ಕೈ ಸ್ಕ್ರೂಡ್ರೈವರಿನ ಹಾಗೆ ತಿರುಗಿಸಬಹುದೇ? ಕೆಲವದರಲ್ಲಿ ಮುಂದಿನ ದಂಡ ತಾನೇ ಲಾಕ್ ಆಗುತ್ತದೆ, ತಿರುಗಿಸಬಹುದು. ಕೆಲವದರಲ್ಲಿ ಸುಮ್ಮನೆ ಜಾರುತ್ತದೆ.

ನಾಲ್ಕನೆಯದು, ಜಾಗ. ಮೆಟಲ್ ಬಾಕ್ಸನ್ನು ಗೋಡೆಗೆ ಹಿಡಿದು, ಮೂಲೆಯ ಸ್ಕ್ರೂಗೆ ಬಿಟ್ ಮುಟ್ಟುತ್ತದೋ ನೋಡಿದೆವು. ಗಿಡ್ಡ ಬಿಟ್ ಆದರೆ ಯಂತ್ರದ ಮೂತಿ ಬಾಕ್ಸಿನ ಅಂಚಿಗೆ ತಾಗುತ್ತದೆ. 100 ಮಿಲಿಮೀಟರಿನ ಉದ್ದ ಬಿಟ್ ಬೇಕೇ ಬೇಕು.

ಐದನೆಯದು, ಚಾರ್ಜಿಂಗ್. ಹೊಸ ಮನೆಯಲ್ಲಿ ಕರೆಂಟೇ ಇರುವುದಿಲ್ಲ, ಅದನ್ನು ತರಲಿಕ್ಕೇ ನಾವು ಹೋಗಿರುತ್ತೇವೆ. ಹಾಗಾಗಿ ಫೋನಿನ ಚಾರ್ಜರ್, ಪವರ್ ಬ್ಯಾಂಕಿನಲ್ಲಿ ಚಾರ್ಜ್ ಆಗುವುದನ್ನೇ ಕೇಳಿದೆವು. 1.5 ಆಂಪಿಯರ್ ಅವರ್ ಬ್ಯಾಟರಿ ಅಂದರೆ ನಿಮ್ಮ ಕೈಯಲ್ಲಿರುವ 5,000 ಎಂಎಎಚ್ ಫೋನಿನ ಮೂರನೇ ಒಂದು ಭಾಗಕ್ಕಿಂತ ಕಡಿಮೆ. ಪವರ್ ಬ್ಯಾಂಕಿಗೆ ಅದೇನೂ ಭಾರವಲ್ಲ.

ಕೊನೆಗೆ ಚಿಕ್ಕವ ಎರಡನ್ನೂ ಒಂದೊಂದಾಗಿ ತಲೆಯ ಮೇಲಕ್ಕೆ, ಸೀಲಿಂಗ್ ರೋಸ್ ಇರುವ ಎತ್ತರಕ್ಕೆ ಹಿಡಿದು ನಿಂತ. ಅಂಗಡಿಗೆ ಬಂದವರು ಇವನೇನು ಮಾಡುತ್ತಿದ್ದಾನೆ ಅಂತ ನೋಡಿದರು. ಮಣಿಕಟ್ಟಿಗೆ ಯಾವುದು ಹಗುರವೋ ಅದನ್ನೇ ತಂದೆವು: 3.6 ವೋಲ್ಟಿನದು, ಕ್ಲಚ್ ಇರುವುದು, ನೇರ ಹಿಡಿಕೆಯದು. ಬಿಟ್ಟು, ಮ್ಯಾಗ್ನೆಟ್ ಹೋಲ್ಡರ್ ಸೇರಿ ನಮ್ಮ ದುಡ್ಡು ಅಲ್ಲಿಗೆ ಸರಿಹೋಯಿತು.

ಬಿಟ್ಟಿಗೆ ಜಿಪುಣತನ ಬೇಡ

ಪ್ಲಸ್ ತಲೆಯ ಸ್ಕ್ರೂ ಎಲ್ಲವೂ ಒಂದೇ ಅಲ್ಲ. ಫಿಲಿಪ್ಸ್ ಬೇರೆ, ಪೋಜಿಡ್ರೈವ್ ಬೇರೆ. ಪೋಜಿಡ್ರೈವಿನ ತಲೆಯಲ್ಲಿ ಪ್ಲಸ್ ಗುರುತಿನ ನಡುವೆ ನಾಲ್ಕು ಸಣ್ಣ ಗೆರೆ ಹೆಚ್ಚಿಗೆ ಇರುತ್ತವೆ. ಬಿಟ್ಟಿನ ಮೇಲೆ ಮೊದಲನೆಯದಕ್ಕೆ ಪಿಎಚ್, ಎರಡನೆಯದಕ್ಕೆ ಪಿಜೆಡ್ ಅಂತ ಬರೆದಿರುತ್ತದೆ. ಎಷ್ಟೋ ಎಂಸಿಬಿಗಳಿಗೆ ಪಿಜೆಡ್ 2 ಹೊಂದುತ್ತದೆ. ನಾವು ವರ್ಷಗಟ್ಟಲೆ ಅದಕ್ಕೆ ಪಿಎಚ್ ಹಾಕಿ, ಬಿಟ್ ಜಾರಿಸಿ, ತಲೆ ಕೆಡಿಸಿ, "ಸ್ಕ್ರೂ ಸರಿ ಇಲ್ಲ" ಅಂತ ಕಂಪನಿಯನ್ನು ಬೈದಿದ್ದೆವು.

ಯಂತ್ರ ಎಷ್ಟು ಒಳ್ಳೆಯದಿದ್ದರೂ ತುದಿ ಸವೆದ ಬಿಟ್ ಜಾರುತ್ತದೆ. ಸವೆದದ್ದನ್ನು ಎಸೆದುಬಿಡಿ, ಹೊಸದು ತನ್ನಿ.

ಈಗ ನಾವು ಕೆಲಸ ಮಾಡುವ ರೀತಿ

ಯಂತ್ರ ಸ್ಕ್ರೂವನ್ನು ಓಡಿಸಿಕೊಂಡು ಹೋಗುತ್ತದೆ, ಕ್ಲಚ್ ಬಿಟ್ಟುಕೊಟ್ಟಲ್ಲಿ ನಿಲ್ಲುತ್ತದೆ. ಕೊನೆಯ ಕಾಲು ಸುತ್ತು ಕೈಯದು. ಅದಾದ ಮೇಲೆ ಪ್ರತಿ ವೈರನ್ನೂ ಒಂದೊಂದಾಗಿ ಎಳೆದು ನೋಡುತ್ತೇವೆ. ಅಲ್ಲಾಡಿದರೆ ಬಿಚ್ಚಿ ಮತ್ತೆ. ಜರ್ಮನಿಯ ವಿಹಾ ಕಂಪನಿಯ ಒಂದು ಬ್ಯಾಟರಿ ಸ್ಕ್ರೂಡ್ರೈವರ್ ಇದೇ ತತ್ವದ ಮೇಲೆ ಇದೆ: ಮೋಟರ್ 0.4 ನ್ಯೂಟನ್ ಮೀಟರಿಗೇ ನಿಲ್ಲುತ್ತದೆ, ಉಳಿದದ್ದನ್ನು ಕೈಯಿಂದ ಬಿಗಿಯಬೇಕು. ಅದು ನಮ್ಮ ಜೇಬಿಗೆ ಎಟುಕುವುದಲ್ಲ, ಆದರೆ ಅದರ ಬುದ್ಧಿಯನ್ನು ಪುಕ್ಕಟೆ ತೆಗೆದುಕೊಳ್ಳಬಹುದು.

ಇನ್ನೊಂದು ಮಾತು, ಜೀವದ ಮಾತು. ಬ್ಯಾಟರಿ ಸ್ಕ್ರೂಡ್ರೈವರಿನ ಮೈ ಪ್ಲಾಸ್ಟಿಕ್ಕಿನದು ಅಂತ ಅದನ್ನು ಕರೆಂಟು ಇರುವ ತಂತಿಗೆ ತಾಗಿಸಬೇಡಿ. ಮುಂದಿನ ಬಿಟ್ಟು, ಹೋಲ್ಡರು ಬರೀ ಲೋಹ. ಕರೆಂಟಿನ ಕೆಲಸಕ್ಕೆಂದೇ ಮಾಡಿದ ಉಪಕರಣದ ಮೇಲೆ ಎರಡು ತ್ರಿಕೋನದ ಗುರುತು, ಪಕ್ಕದಲ್ಲಿ 1000 ವೋಲ್ಟ್ ಅಂತ ಇರುತ್ತದೆ. ಅದು ಇಲ್ಲದಿದ್ದರೆ ಮೇನ್ ಆಫ್ ಮಾಡಿಯೇ ಕೈ ಹಾಕಬೇಕು. ಮನೆಯಲ್ಲಿ ಇನ್ವರ್ಟರ್ ಇದ್ದರೆ ಅದನ್ನೂ ಆಫ್ ಮಾಡಿ, ಮೇನ್ ತೆಗೆದರೂ ಅದರ ಲೈನಿನಲ್ಲಿ ಕರೆಂಟು ಇರುತ್ತದೆ. ಟೆಸ್ಟರನ್ನು ಮೊದಲು ಕರೆಂಟು ಇರುವ ಕಡೆ ಹಚ್ಚಿ, ಅದು ಸರಿ ಇದೆ ಅಂತ ಖಾತ್ರಿ ಮಾಡಿಕೊಂಡು, ಆಮೇಲೆ ಕೆಲಸದ ಜಾಗದಲ್ಲಿ ಹಚ್ಚಿ ನೋಡಿ.

ಸಣ್ಣ ಯಂತ್ರದಿಂದ ಆಗದ ಕೆಲಸವೂ ಇದೆ. ಗೋಡೆಗೆ ತೂತು ಹಾಕಲು ಈಗಲೂ ಹ್ಯಾಮರ್ ಡ್ರಿಲ್ ಕೇಳಿ ತರುತ್ತೇವೆ. ಹಳೆಯ ಮನೆಯ ಮರದ ಹಲಗೆಗೆ ಉದ್ದ ಸ್ಕ್ರೂ ಹಾಕಬೇಕಾದರೆ ಮೊದಲು ಸಣ್ಣ ತೂತು ಮಾಡಿಕೊಳ್ಳುತ್ತೇವೆ. ಊಟಕ್ಕೆ ಕೂತಾಗ ಯಂತ್ರ ಪವರ್ ಬ್ಯಾಂಕಿಗೆ ಹೋಗುತ್ತದೆ. ಬೇಸಿಗೆಯಲ್ಲಿ ಬೈಕಿನ ಡಬ್ಬಿಯಲ್ಲಿ ಬಿಸಿಲಿಗೆ ಬಿಡುವುದಿಲ್ಲ, ಬ್ಯಾಟರಿ ಬೇಗ ಸಾಯುತ್ತದೆ. ಮೂರನೇ ಮನೆಗೆ ಎರಡು ದಿನ ಹಿಡಿಯಿತು. ದೊಡ್ಡ ಡ್ರಿಲ್ಲಿಗಿಂತ ಅರ್ಧ ದಿನ ಜಾಸ್ತಿ. ಚಿಕ್ಕವ ರಾತ್ರಿ ಬಲಗೈಯಲ್ಲೇ ಊಟ ಮಾಡಿದ.

ಮತ್ತೆ ಕಾಕಾನ ಮನೆ

ಅದು ಮುಗಿದ ಮಾರನೇ ದಿನ ಹೇಳದೆ ಕಾಕಾನ ಮನೆಗೆ ಹೋದೆವು. ಸುಟ್ಟ ಸಾಕೆಟ್ಟನ್ನು ಮೊದಲೇ ಬದಲಿಸಿದ್ದೆವು. ಆದರೆ ಆ ಡ್ರಿಲ್ಲಿನಲ್ಲಿ ಬಿಗಿದ ಬೋರ್ಡು ಅದೊಂದೇ ಆಗಿರಲಿಲ್ಲ. ಮೇನ್ ತೆಗೆದು ಎಲ್ಲ ಬೋರ್ಡು ಬಿಚ್ಚಿ, ಪ್ರತಿ ವೈರು ಎಳೆದು ನೋಡಿದೆವು. ಇನ್ನೂ ಮೂರು ಕಡೆ ಥ್ರೆಡ್ ಕಿತ್ತಿತ್ತು. ಒಂದು ಅಡುಗೆಮನೆಯ ಮಿಕ್ಸರಿನ ಸಾಕೆಟ್ಟು, ಇನ್ನೊಂದು ಮಕ್ಕಳು ಮಲಗುವ ಕೋಣೆಯದು, ಮತ್ತೊಂದು ಪಡಸಾಲೆಯ ಫ್ಯಾನಿನ ಸ್ವಿಚ್ಚು. ಮೂರನ್ನೂ ನಮ್ಮ ದುಡ್ಡಿನಲ್ಲಿ ಬದಲಿಸಿದೆವು. ಅವು ಇನ್ನೂ ಸುಟ್ಟಿರಲಿಲ್ಲ. ಹೋಗದೆ ಇದ್ದಿದ್ದರೆ ಏನಾಗುತ್ತಿತ್ತು ಅಂತ ದಾರಿಯಲ್ಲಿ ನಾವಿಬ್ಬರೂ ಮಾತಾಡಲಿಲ್ಲ.

ನಿಮ್ಮ ಮನೆಯಲ್ಲೂ ಒಂದು ಪರೀಕ್ಷೆ ಮಾಡಬಹುದು. ಗೀಸರ್ ಹಚ್ಚಿ ಕಾಲು ಗಂಟೆ ಆದ ಮೇಲೆ, ಒಣಗಿದ ಕೈಯ ಹಿಂಭಾಗವನ್ನು ಅದರ ಬೋರ್ಡಿನ ಪ್ಲಾಸ್ಟಿಕ್ ಪ್ಲೇಟಿಗೆ ಮುಟ್ಟಿಸಿ. ಬಿಸಿ ಹತ್ತಿದರೆ, ಪ್ಲೇಟು ಹಳದಿ ಅಥವಾ ಕಪ್ಪಾಗಿದ್ದರೆ, ವಾಸನೆ ಬಂದರೆ, ಆಫ್ ಮಾಡಿ ಪರವಾನಗಿ ಇರುವ ವೈರ್‌ಮನ್ನನ್ನು ಕರೆಸಿ. ನೀವೇ ಬಿಚ್ಚಬೇಡಿ.

ಅವತ್ತು ಕೆಲಸ ಮುಗಿದ ಮೇಲೆ ಗೀಸರ್ ಹಚ್ಚಿ, ಚಹಾ ಕುಡಿಯುತ್ತಾ ಕೂತೆವು. ಕಾಲು ಗಂಟೆ ಆದ ಮೇಲೆ ಚಿಗವ್ವ ತಾನೇ ಎದ್ದು ಹೋಗಿ ಬೋರ್ಡಿನ ಮೇಲೆ ಕೈ ಇಟ್ಟಳು. ನಾವಿಬ್ಬರೂ ಅವಳ ಮುಖವನ್ನೇ ನೋಡುತ್ತಿದ್ದೆವು.

"ತಣ್ಣಗೈತಿ" ಅಂದಳು. ಕಾಕಾ ಇನ್ನೊಂದು ಕಪ್ಪು ಚಹಾ ಹಾಕಿಸಿದ.